ಉರಿಯದ ವಿಷಕ್ಕೇ ಜಾಸ್ತಿ ಹೆದರಬೇಕು

(ಕಾರವಾರದಲ್ಲಿ ಕೆಮಿಸ್ಟ್ರಿ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕಾರವಾರ, ಅಂಕೋಲೆ, ಕುಮಟೆಯವರು ಇದ್ದೀರಿ. ಘಟ್ಟ ಇಳಿದು ಶಿರಸಿ, ಯಲ್ಲಾಪುರದಿಂದ ಬಂದವರೂ ಇದ್ದೀರಿ. ಡಿಗ್ರಿ ಮುಗಿಸಿ ನಿಮ್ಮಲ್ಲಿ ಅನೇಕರು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಔಷಧ ಕಂಪನಿ ಸೇರುತ್ತೀರಿ. ಈಗ ಅಲ್ಲಿ ಪೆಪ್ಟೈಡ್ ಕೆಲಸಕ್ಕೆ ಜನ ಬೇಕು. ಸಕ್ಕರೆ ಕಾಯಿಲೆಗೆ, ತೂಕ ಇಳಿಸೋದಕ್ಕೆ ಕೊಡುವ ಲಿರಾಗ್ಲುಟೈಡ್, ಸೆಮಾಗ್ಲುಟೈಡ್ ಎಲ್ಲ ಪೆಪ್ಟೈಡ್‌ಗಳೇ. ಹಾಗಾಗಿ ನಿಮ್ಮಲ್ಲಿ ಒಂದಷ್ಟು ಜನರ ಮೊದಲ ಕೆಲಸ ಪೆಪ್ಟೈಡ್ ಲ್ಯಾಬಿನಲ್ಲೇ ಶುರುವಾಗಬಹುದು ಅನ್ನೋ ಲೆಕ್ಕದಲ್ಲೇ ಮಾತಾಡುತ್ತೇನೆ.

ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಸರಪಳಿ. ಹೆರಿಗೆ ವಾರ್ಡಿನಲ್ಲಿ ಕೊಡುವ ಆಕ್ಸಿಟೋಸಿನ್‌ನಲ್ಲಿ ಇಂಥ 9 ಕೊಂಡಿಗಳಿವೆ. ಅಮೆರಿಕದ ವಿನ್ಸೆಂಟ್ ಡು ವಿನ್ಯೋ 1953ರಲ್ಲಿ ಅದನ್ನು ಲ್ಯಾಬಿನಲ್ಲಿ ಕಟ್ಟಿ ತೋರಿಸಿದರು, 1955ರಲ್ಲಿ ಅವರಿಗೆ ನೊಬೆಲ್ ಬಂತು. ಕಡಲಲ್ಲಿ ಕೋನ್ ಸ್ನೇಲ್ ಅಂತ ಒಂದು ಶಂಖದ ಜೀವಿ ಇದೆ, ವಿಷ ಚುಚ್ಚಿ ಬೇಟೆ ಹಿಡಿಯುತ್ತದೆ. ಆ ವಿಷವೂ ಪೆಪ್ಟೈಡ್‌ಗಳ ರಾಶಿ. ಅದರಿಂದ ಬಂದ ಜಿಕೊನೊಟೈಡ್ ಎಂಬ ನೋವಿನ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೋಡಿಬಾಗದಲ್ಲಿ ಮೆರೈನ್ ಬಯಾಲಜಿ ಓದುವವರಿಗೆ ಇದು ಹೊಸ ವಿಷಯ ಅಲ್ಲ.

ಈಗ ಬಹುತೇಕ ಲ್ಯಾಬುಗಳು ನಡೆಯುವುದು ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ತೋರಿಸಿಕೊಟ್ಟ ದಾರಿಯಲ್ಲಿ. ಅವರಿಗೂ 1984ರಲ್ಲಿ ನೊಬೆಲ್ ಬಂತು. ರೆಸಿನ್ ಎಂಬ ಸಣ್ಣ ಮಣಿಗಳಿಗೆ ಮೊದಲ ಅಮೈನೋ ಆಮ್ಲ ಅಂಟಿಸುತ್ತೀರಿ. ಅದರ ಮೇಲಿನ ರಕ್ಷಣೆಯ ಗುಂಪನ್ನು, ಅಂದರೆ ಬೇಡದ ಕಡೆ ಕೊಂಡಿ ಬೀಳದಂತೆ ಹಾಕಿದ ಮುಚ್ಚಳವನ್ನು, ಪಿಪೆರಿಡಿನ್ ಎಂಬ ಕೆಮಿಕಲ್‌ನಿಂದ ತೆಗೆಯುತ್ತೀರಿ. ಡಿಎಮ್‌ಎಫ್ ಎಂಬ ದ್ರಾವಕದಲ್ಲಿ ತೊಳೆಯುತ್ತೀರಿ. ಮುಂದಿನ ಅಮೈನೋ ಆಮ್ಲವನ್ನು ಕಪ್ಲಿಂಗ್ ಮಾಡುತ್ತೀರಿ, ಅಂದರೆ ಜೋಡಿಸುತ್ತೀರಿ. ಮತ್ತೆ ಡಿಎಮ್‌ಎಫ್. ಎಲ್ಲ ಮುಗಿದ ಮೇಲೆ ಟಿಎಫ್‌ಎ ಎಂಬ ಆಸಿಡ್ ಹಾಕಿ ಸರಪಳಿಯನ್ನು ಮಣಿಯಿಂದ ಬಿಡಿಸುತ್ತೀರಿ (ಇದಕ್ಕೇ ಕ್ಲೀವೇಜ್ ಅನ್ನೋದು), ಈಥರ್ ಹಾಕಿ ಬಿಳಿ ಪುಡಿಯಾಗಿ ಇಳಿಸುತ್ತೀರಿ, ಆಮೇಲೆ ಎಚ್‌ಪಿಎಲ್‌ಸಿ ಎಂಬ, ಬೆರಕೆ ಬೇರ್ಪಡಿಸುವ ಯಂತ್ರದಲ್ಲಿ ಅಸಿಟೋನೈಟ್ರೈಲ್ ಎಂಬ ದ್ರಾವಕ ಹರಿಸಿ ಶುದ್ಧ ಮಾಡುತ್ತೀರಿ. 30 ಕೊಂಡಿಯ ಸರಪಳಿ ಅಂದರೆ ರಕ್ಷಣೆ ತೆಗೆದು, ತೊಳೆದು, ಜೋಡಿಸುವ ಸುತ್ತು ಹೆಚ್ಚುಕಡಿಮೆ 30 ಸಲ, ಒಂದೊಂದು ಸುತ್ತಿನಲ್ಲೂ ಹಲವು ಸಲ ತೊಳೆಯುವುದು. ಬೇರೆ ಆರ್ಗ್ಯಾನಿಕ್ ಲ್ಯಾಬಿಗೂ ಇದಕ್ಕೂ ಇರೋ ವ್ಯತ್ಯಾಸ ಇದೇ. ಇಲ್ಲಿ ಅದದೇ ನಾಲ್ಕೈದು ಕೆಮಿಕಲ್‌ಗಳನ್ನು ದಿನವೂ, ವರ್ಷಗಟ್ಟಲೆ ಮುಟ್ಟುತ್ತಿರುತ್ತೀರಿ.

ಹೊಸದಾಗಿ ಬಂದವರು ಹೆದರುವುದು ಟಿಎಫ್‌ಎಗೆ. ಹೆದರಲೇಬೇಕು. 72 ಡಿಗ್ರಿಗೆ ಕುದಿಯುವ ಪ್ರಬಲ ಆಸಿಡ್ ಅದು. ಮುಚ್ಚಳ ತೆಗೆದ ತಕ್ಷಣ ಹೊಗೆ ಏಳುತ್ತದೆ, ನಮ್ಮ ಮಳೆಗಾಲದ ಒದ್ದೆ ಗಾಳಿಯಲ್ಲಂತೂ ಬಾಟಲಿಯ ಬಾಯಲ್ಲಿ ಬೆಳ್ಳಗೆ ಕಾಣುತ್ತದೆ. ಮೈಮೇಲೆ ಬಿದ್ದರೆ ಆಳವಾಗಿ ಸುಡುತ್ತದೆ. ಬಿದ್ದರೆ ಏನು ಮಾಡಬೇಕು? ನೀರು. ಬಟ್ಟೆ, ವಾಚು, ಉಂಗುರ ತೆಗೆದು ಕನಿಷ್ಠ 15 ನಿಮಿಷ ಹರಿಯುವ ನೀರು, ಆಮೇಲೆ ಆಸ್ಪತ್ರೆ. ಇಲ್ಲೊಂದು ತಪ್ಪು ತಿಳಿವಳಿಕೆ ಓಡಾಡುತ್ತಿದೆ. ಹಳೆಯ ವಿಧಾನದಲ್ಲಿ ಸರಪಳಿ ಬಿಡಿಸಲು ಹೈಡ್ರೋಜನ್ ಫ್ಲೋರೈಡ್, ಅಂದರೆ ಎಚ್‌ಎಫ್ ಬಳಸುತ್ತಿದ್ದರು, ಈಗಲೂ ಕೆಲವು ಕಡೆ ಬಳಸುತ್ತಾರೆ. ಅದು ಗಾಜನ್ನೇ ತಿನ್ನುತ್ತದೆ, ಚರ್ಮ ದಾಟಿ ಒಳಗೆ ಹೋಗಿ ಮೈಯ ಕ್ಯಾಲ್ಸಿಯಂ ಹಿಡಿದುಬಿಡುತ್ತದೆ, ಹೃದಯವೇ ನಿಲ್ಲಬಹುದು. ಅದಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಪಕ್ಕದಲ್ಲೇ ಇರಬೇಕು. ಟಿಎಫ್‌ಎಯಲ್ಲೂ ಫ್ಲೋರಿನ್ ಇದೆಯಲ್ಲ, ಅದೇ ಜೆಲ್ ಹಚ್ಚಿದರಾಯ್ತು ಅಂತ ಕೆಲವರು ಅಂದುಕೊಂಡಿರುತ್ತಾರೆ. ಟಿಎಫ್‌ಎಯ ಫ್ಲೋರಿನ್ ಇಂಗಾಲಕ್ಕೆ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ, ಎಚ್‌ಎಫ್ ತರಹ ಬಿಡುಗಡೆ ಆಗುವುದಿಲ್ಲ. ಜೆಲ್ ಹುಡುಕುತ್ತಾ ನಿಂತರೆ ತೊಳೆಯಬೇಕಾದ ಹೊತ್ತು ಕಳೆದುಹೋಗುತ್ತದೆ.

ಆದರೆ ಟಿಎಫ್‌ಎಯಲ್ಲಿ ಒಂದು ಒಳ್ಳೆಯ ಗುಣ ಇದೆ. ಅದು ಹೊಗೆಯಾಡುತ್ತದೆ, ಮೂಗಿಗೆ ಹೊಡೆಯುತ್ತದೆ, ಮುಟ್ಟಿದರೆ ಉರಿಯುತ್ತದೆ. ಎಚ್ಚರಿಕೆ ಅದರಿಂದಲೇ ಬರುತ್ತದೆ. ನಾನು ಇವತ್ತು ಮುಖ್ಯವಾಗಿ ಹೇಳಬೇಕಾಗಿರೋದು ಎಚ್ಚರಿಕೆ ಕೊಡದೇ ಇರುವವುಗಳ ಬಗ್ಗೆ.

ಮೊದಲನೆಯದು ಡಿಎಮ್‌ಎಫ್. ನೀರಿನಂತೆ ಕಾಣುತ್ತದೆ. ಕುದಿಯುವುದು 153 ಡಿಗ್ರಿಗೆ, ಹಾಗಾಗಿ ಹೊಗೆ ಕಾಣುವುದಿಲ್ಲ. ಹಳೆಯದಾದರೆ ಒಡೆದು ಡೈಮಿಥೈಲಮೀನ್ ಬರುತ್ತದೆ, ಅದಕ್ಕೆ ಮೀನಿನ ವಾಸನೆ. ಶುದ್ಧವಾಗಿದ್ದಾಗ ವಾಸನೆ ಬಹಳ ಕಮ್ಮಿ. ಕೈಮೇಲೆ ಚೆಲ್ಲಿದರೆ ಉರಿಯೂ ಇಲ್ಲ, ಸ್ವಲ್ಪ ತಣ್ಣಗೆ ಅನ್ನಿಸಬಹುದು ಅಷ್ಟೇ. ಆದರೆ ಚರ್ಮದ ಮೂಲಕ ಸಲೀಸಾಗಿ ಒಳಗೆ ಹೋಗುತ್ತದೆ. ಹೋಗುವಾಗ ತನ್ನಲ್ಲಿ ಕರಗಿದ್ದನ್ನೂ ಜೊತೆಗೆ ಒಯ್ಯುತ್ತದೆ. ಅದು ಹಾಳು ಮಾಡುವುದು ಪಿತ್ತಜನಕಾಂಗವನ್ನು, ಅಂದರೆ ಲಿವರ್ ಅನ್ನು. ಹೊಟ್ಟೆಯಲ್ಲಿರುವ ಮಗುವಿಗೂ ಕೆಟ್ಟದ್ದು. ಅದರ ನಡುವೆ ಕೆಲಸ ಮಾಡುವವರು ಸ್ವಲ್ಪ ಮದ್ಯ ಕುಡಿದರೂ ಮುಖ ಕೆಂಪಗಾಗಿ ಬಿಸಿಯೇರುವುದು ವೈದ್ಯರಿಗೆ ಗೊತ್ತಿರುವ ಲಕ್ಷಣ. ಯುರೋಪಿನಲ್ಲಿ 2023ರ ಡಿಸೆಂಬರಿನಿಂದ ಡಿಎಮ್‌ಎಫ್ ಬಳಕೆಗೆ ಬಿಗಿಯಾದ ಮಿತಿ ಹಾಕಿದ್ದಾರೆ, ಬೇರೆ ದ್ರಾವಕ ಹುಡುಕುವ ಕೆಲಸವೂ ನಡೆದಿದೆ. ನಮ್ಮ ಲ್ಯಾಬುಗಳಲ್ಲಿ ಇನ್ನೂ ಕ್ಯಾನುಗಟ್ಟಲೆ ಖರ್ಚಾಗುತ್ತಿದೆ.

ಬಾಟಲಿಯ ಮೇಲೆ ಕೆಂಪು ಅಂಚಿನ ಚೌಕದೊಳಗೆ ಚಿತ್ರಗಳಿರುತ್ತವೆ, ನೋಡಿದ್ದೀರಲ್ವಾ? ಬೆಂಕಿಯ ಚಿತ್ರ, ಕೈ ಸುಡುವ ಚಿತ್ರ ಎಲ್ಲರಿಗೂ ಅರ್ಥ ಆಗುತ್ತದೆ. ಎದೆಯ ಮೇಲೆ ನಕ್ಷತ್ರದ ಹಾಗೆ ಒಡೆದ ಗುರುತು ಇರುವ ಮನುಷ್ಯನ ಚಿತ್ರ ಒಂದಿದೆ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಧಾನವಾಗಿ ಒಳಗಿನ ಅಂಗಕ್ಕೆ, ಹುಟ್ಟುವ ಮಗುವಿಗೆ, ಉಸಿರಿಗೆ ತೊಂದರೆ ಕೊಡುವಂಥದ್ದು ಅಂತ ಅದರ ಅರ್ಥ. ಡಿಎಮ್‌ಎಫ್ ಬಾಟಲಿಯ ಮೇಲೆ ಅದು ಇದ್ದೇ ಇರುತ್ತದೆ.

ಗ್ಲೌಸ್ ಹಾಕಿದ್ದೇವಲ್ಲ ಅಂತೀರಿ. ನೀಲಿ ಬಣ್ಣದ ತೆಳು ನೈಟ್ರೈಲ್ ಗ್ಲೌಸ್ ಡಿಎಮ್‌ಎಫ್ ಅನ್ನು ಕೆಲವೇ ನಿಮಿಷ ತಡೆಯುತ್ತದೆ. ಡೈಕ್ಲೋರೋಮೀಥೇನ್ ಎಂಬ ಇನ್ನೊಂದು ದ್ರಾವಕ ಇನ್ನೂ ಬೇಗ ದಾಟುತ್ತದೆ. ಗ್ಲೌಸ್ ಹರಿಯುವುದಿಲ್ಲ, ತೂತು ಬೀಳುವುದಿಲ್ಲ, ಹೊರಗಿನಿಂದ ನೋಡಿದರೆ ಏನೂ ಆಗಿರುವುದಿಲ್ಲ, ಆದರೆ ಒಳಗೆ ಬೆವರಿನ ಜೊತೆ ದ್ರಾವಕವೂ ಸೇರಿ ಕೈ ಅದರಲ್ಲೇ ನೆನೆಯುತ್ತಿರುತ್ತದೆ. ಆ ಮಟ್ಟಿಗೆ ಗ್ಲೌಸ್ ಇಲ್ಲದಿದ್ದರೇ ವಾಸಿ, ತಕ್ಷಣ ತೊಳೆದಾದರೂ ಬಿಡುತ್ತಿದ್ದಿರಿ. ಆ ತೆಳು ಗ್ಲೌಸ್ ಹನಿ ಸಿಡಿದಾಗಿನ ಕ್ಷಣಕ್ಕೆ ಮಾತ್ರ. ಸಿಡಿಯಿತೋ, ತೆಗೆದು ಬಿಸಾಕಿ, ಕೈ ತೊಳೆದು, ಹೊಸದು ಹಾಕಿ. ಕ್ಯಾನಿನಿಂದ ಡಿಎಮ್‌ಎಫ್ ಸುರಿಯುವ, ಚೆಲ್ಲಿದ್ದನ್ನು ಒರೆಸುವ ಕೆಲಸಕ್ಕೆ ದಪ್ಪನೆಯ ಬ್ಯೂಟೈಲ್ ರಬ್ಬರ್ ಗ್ಲೌಸ್ ಬೇಕು.

ಈ ವಿಷಯದಲ್ಲಿ ಕೆರೆನ್ ವೆಟರ್‌ಹಾನ್ ಅವರ ಹೆಸರು ನೀವು ತಿಳಿದಿರಬೇಕು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರೊಫೆಸರ್, ವಿಷಕಾರಿ ಲೋಹಗಳ ಬಗ್ಗೆಯೇ ಸಂಶೋಧನೆ ಮಾಡಿದವರು. 1996ರ ಆಗಸ್ಟ್‌ನಲ್ಲಿ ಫ್ಯೂಮ್ ಹುಡ್, ಅಂದರೆ ವಿಷದ ಆವಿಯನ್ನು ಹೊರಗೆಳೆಯುವ ಕಪಾಟಿನ ಒಳಗೇ ಕೆಲಸ ಮಾಡುವಾಗ ಡೈಮಿಥೈಲ್ ಮರ್ಕ್ಯುರಿ ಎಂಬ ಪಾದರಸದ ದ್ರವದ ಕೆಲವು ಹನಿ ಅವರ ಲೇಟೆಕ್ಸ್ ಗ್ಲೌಸ್ ಮೇಲೆ ಬಿದ್ದವು. ನೋವಿಲ್ಲ, ಉರಿಯಿಲ್ಲ. ತಿಂಗಳುಗಳ ನಂತರ ನಡೆಯುವಾಗ ತಡವರಿಕೆ, ಮಾತಿನಲ್ಲಿ ತೊದಲು. 1997ರ ಜೂನ್‌ನಲ್ಲಿ ತೀರಿಕೊಂಡರು. ಆ ಗ್ಲೌಸನ್ನು ಆ ದ್ರವ ಸೆಕೆಂಡುಗಳಲ್ಲೇ ದಾಟುತ್ತದೆ ಅಂತ ಗೊತ್ತಾದದ್ದು ಆಮೇಲೆ ಪರೀಕ್ಷೆ ಮಾಡಿದಾಗ. ಅವರು ಆಗ ಚಾಲ್ತಿಯಲ್ಲಿದ್ದ ನಿಯಮವನ್ನು ಪಾಲಿಸಿಯೇ ಕೆಲಸ ಮಾಡಿದ್ದರು. ಪೆಪ್ಟೈಡ್ ಲ್ಯಾಬಿನಲ್ಲಿ ಅಂಥ ಪಾದರಸದ ಕೆಲಸ ಇಲ್ಲ, ನಿಜ. ಆದರೆ ಯಾವ ಕೆಮಿಕಲ್‌ಗೆ ಯಾವ ಗ್ಲೌಸ್ ಎಂಬ ಪಟ್ಟಿಯನ್ನು ಇವತ್ತು ಗಂಭೀರವಾಗಿ ನೋಡುವುದಕ್ಕೆ ಅವರ ಸಾವು ಒಂದು ದೊಡ್ಡ ಕಾರಣ.

ಎರಡನೆಯದು ಪುಡಿಗಳು. ಎಚ್‌ಎಟಿಯು, ಎಚ್‌ಬಿಟಿಯು, ಎಚ್‌ಸಿಟಿಯು ಅಂತ ಕಪ್ಲಿಂಗ್‌ಗೆ ಹಾಕುವ ಬಿಳಿ ಪುಡಿಗಳಿವೆ. ತೂಗುವುದನ್ನು ಹತ್ತಿರದಿಂದ ನೋಡಿ. ಬಾಟಲಿಯಿಂದ ಸ್ಪ್ಯಾಚುಲಾದಲ್ಲಿ ತೆಗೆದರೆ, ಗಾಳಿ ಒಣಗಿದ್ದ ದಿನ ಸ್ಟ್ಯಾಟಿಕ್‌ಗೆ ಪುಡಿ ತಾನೇ ಹಾರಿ ಬಾಟಲಿಯ ಅಂಚಿಗೆ, ಗ್ಲೌಸ್‌ಗೆ ಅಂಟುತ್ತದೆ. ತೂಕದ ಕಾಗದದಿಂದ ವಯಲ್‌ಗೆ ಹಾಕಲು ಬೆರಳಲ್ಲಿ ತಟ್ಟುತ್ತೀರಿ, ಆಗ ಇನ್ನಷ್ಟು ಏಳುತ್ತದೆ. ಅದೇ ಗ್ಲೌಸಿನಲ್ಲಿ ಬ್ಯಾಲೆನ್ಸಿನ ಬಟನ್ ಒತ್ತಿ, ನೋಟ್‌ಬುಕ್ಕಿನಲ್ಲಿ ತೂಕ ಬರೆದು, ಜೇಬಿನಲ್ಲಿ ಮೊಬೈಲ್ ಹೊಡೆದುಕೊಂಡರೆ ಎತ್ತಿ ನೋಡುತ್ತೀರಿ. ಸಂಜೆ ಆ ಮೊಬೈಲ್ ಕೆನ್ನೆಗೆ ಹಿಡಿದು ಆಯಿ ಹತ್ತಿರ ಮಾತಾಡುತ್ತೀರಿ. ದಿನಾ ಹೀಗೇ. ಮೊದಮೊದಲು ಏನೂ ಆಗುವುದಿಲ್ಲ. ಈ ಪುಡಿಗಳ ಸ್ವಭಾವವೇ ಹಾಗೆ, ಮೈಗೆ ಮತ್ತೆ ಮತ್ತೆ ತಾಗಿ ಒಂದು ದಿನ ಅಲರ್ಜಿ ಎಬ್ಬಿಸುತ್ತವೆ. ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಒಬ್ಬರಿಗೆ ಈ ಮೂರೂ ಪುಡಿಗಳಿಂದ ಹೀಗೆ ಅಲರ್ಜಿ ಬೆಳೆದು ಉಸಿರು ಕಟ್ಟುವ ಅನಾಫಿಲ್ಯಾಕ್ಸಿಸ್‌ವರೆಗೆ ಹೋಯಿತು. ಅದನ್ನು ಅವರ ತಂಡವೇ 2020ರಲ್ಲಿ ವೈಜ್ಞಾನಿಕ ಪತ್ರಿಕೆಯಲ್ಲಿ ಬರೆದು ಎಲ್ಲರನ್ನೂ ಎಚ್ಚರಿಸಿತು. ಶುರುವಾಗಿದ್ದು ಸೀನು, ಕೆಮ್ಮು, ಮೂಗು ಸೋರುವುದರಿಂದ. ನೆಗಡಿ ಅಂತ ಯಾರಾದರೂ ಅಂದುಕೊಳ್ಳುವಂಥದ್ದೇ. ಲ್ಯಾಬಿಗೆ ಹೋದಾಗ ಬರುವ, ರಜೆಯಲ್ಲಿ ಊರಿಗೆ ಬಂದಾಗ ಹೋಗುವ ನೆಗಡಿ ಇದ್ದರೆ ಸುಮ್ನೆ ಮಾತ್ರೆ ನುಂಗಬೇಡಿ, ಏನು ತೂಗುತ್ತಿದ್ದೀರಿ ಅಂತ ಡಾಕ್ಟರಿಗೆ ಹೇಳಿ. ಒಮ್ಮೆ ಅಲರ್ಜಿ ಹತ್ತಿದರೆ ಆ ಕೆಲಸವನ್ನೇ ಬಿಡಬೇಕಾಗಬಹುದು. ಪುಡಿ ತೂಗುವುದು ಹುಡ್ ಒಳಗೆ ಆಗಲಿ. ತೂಗಿದ ಗ್ಲೌಸ್ ಅಲ್ಲೇ ಬಿಡಿ. ಮೊಬೈಲ್ ಲ್ಯಾಬಿನ ಹೊರಗೆ ಇರಲಿ.

ಡಿಸಿಸಿ ಅಂತ ಇನ್ನೊಂದು ಕಪ್ಲಿಂಗ್ ಕೆಮಿಕಲ್ ಇದೆ, ಚರ್ಮಕ್ಕೆ ಅಲರ್ಜಿ ಎಬ್ಬಿಸುವುದರಲ್ಲಿ ಎತ್ತಿದ ಕೈ. ಅದು ಕರಗುವುದು ಸುಮಾರು 34 ಡಿಗ್ರಿಗೆ. ತಣ್ಣನೆ ದೇಶದ ಪುಸ್ತಕಗಳಲ್ಲಿ ಅದು ಗಟ್ಟಿ ಪದಾರ್ಥ, ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸಿ ಅಂತ ಬರೆದಿರುತ್ತಾರೆ. ಕಾರವಾರದ ಏಪ್ರಿಲ್‌ನಲ್ಲಿ ಕರೆಂಟು ಹೋಗಿ ಮುಚ್ಚಿದ ಕೋಣೆಯಲ್ಲಿ 34 ಡಿಗ್ರಿ ದೊಡ್ಡ ಮಾತಾ? ಕಪಾಟಿನಲ್ಲೇ ಕರಗಿ, ರಾತ್ರಿ ಮತ್ತೆ ಗಟ್ಟಿಯಾಗಿ, ಮುಚ್ಚಳದ ಸುತ್ತ ಅಂಟಿ ಕೂತಿರುತ್ತದೆ. ಬರಿಗೈಯಲ್ಲಿ ಆ ಮುಚ್ಚಳ ತಿರುಗಿಸಿದರೆ ಮುಗಿಯಿತು. ಅದರ ಜಾಗ ಫ್ರಿಜ್.

ಈಥರ್‌ನದ್ದೂ ಇದೇ ಲೆಕ್ಕ. ಅದು ಕುದಿಯುವುದೇ 34.6 ಡಿಗ್ರಿಗೆ. ಹಾಗಂತ ಮನೆಯಲ್ಲಿ ಬಳಸುವಂಥ ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಒಳಗಿನ ಥರ್ಮೋಸ್ಟಾಟ್ ಕಿಡಿ ಒಂದು ಸಾಕು ಸ್ಫೋಟಕ್ಕೆ. ಕಿಡಿ ಬರದಂತೆ ಮಾಡಿದ ಲ್ಯಾಬ್ ಫ್ರಿಜ್ ಬೇರೆಯೇ ಸಿಗುತ್ತದೆ. ಈಥರ್ ಆವಿ ಗಾಳಿಗಿಂತ ಭಾರ, ಟೇಬಲ್ ಇಳಿದು ನೆಲದ ಮೇಲೆ ಹರಿದು ದೂರದ ಹಾಟ್‌ಪ್ಲೇಟ್‌ವರೆಗೂ ಹೋಗುತ್ತದೆ. 2015ರಲ್ಲಿ ಕುಮಟಾ ಹತ್ತಿರದ ಬರ್ಗಿಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹತ್ತಿದ್ದು ನಿಮಗೆ ನೆನಪಿರಬಹುದು. ಭಾರದ ಆವಿ ತಗ್ಗು ಹುಡುಕಿ ಹೋಗುತ್ತದೆ, ಕಿಡಿ ಸಿಕ್ಕ ಕಡೆಯಿಂದ ಬೆಂಕಿ ಹಿಂದಕ್ಕೆ ಓಡಿ ಬರುತ್ತದೆ ಅನ್ನೋದನ್ನು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಸಿಟೋನೈಟ್ರೈಲ್ ಮೈಯೊಳಗೆ ಹೋದಮೇಲೆ ನಿಧಾನವಾಗಿ ಸಯನೈಡ್ ಆಗುತ್ತದೆ. ಹಾಗಾಗಿ ಲಕ್ಷಣ ಕಾಣಿಸುವುದು ಗಂಟೆಗಳ ನಂತರ, ರೂಮಿಗೆ ಹೋಗಿ ಮಲಗಿದ ಮೇಲೂ ಇರಬಹುದು. ಹೆಚ್ಚು ಚೆಲ್ಲಿ ಆವಿ ಕುಡಿದಿದ್ದರೆ ಚೆನ್ನಾಗಿದ್ದೇನೆ ಅಂತ ಒಬ್ಬರೇ ರೂಮಿಗೆ ಹೋಗಬೇಡಿ.

ಇನ್ನು ಫ್ಯೂಮ್ ಹುಡ್. ಎಲ್ಲರೂ ಅದನ್ನು ನಂಬುತ್ತಾರೆ, ಆದರೆ ಅದು ಎಳೆಯುತ್ತಿದೆಯಾ ಅಂತ ಯಾರೂ ನೋಡುವುದಿಲ್ಲ. ಬಾಗಿಲ ಹತ್ತಿರ ಗಾಳಿಯ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಇರಬೇಕು. ವೇಗ ಅಳೆಯುವ ಮೀಟರ್ ಇಲ್ಲದಿದ್ದರೆ ಅಂಚಿಗೆ ಟಿಶ್ಯೂ ಕಾಗದದ ಒಂದು ಎಳೆ ಅಂಟಿಸಿ, ಅದು ಒಳಗೆ ಬಾಗುತ್ತಿರಬೇಕು. ಅಂಚಿನಿಂದ ಒಂದು ಗೇಣು ಒಳಗೆ ಕೆಲಸ ಮಾಡಿ, ಗಾಜಿನ ಬಾಗಿಲು ಎದೆಯ ಮಟ್ಟಕ್ಕಿಂತ ಕೆಳಗಿರಲಿ. ನಮ್ಮ ಕಡೆ ಇನ್ನೊಂದು ತೊಂದರೆ ಇದೆ, ಜೂನ್-ಜುಲೈನಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುವುದು. ಕರೆಂಟು ಹೋದರೆ ಫ್ಯಾನ್ ನಿಂತಿತು, ಫ್ಯಾನ್ ನಿಂತರೆ ಹುಡ್ ಬರೀ ಕಪಾಟು. ಆದರೆ ಫ್ಲಾಸ್ಕಿನೊಳಗಿನ ಟಿಎಫ್‌ಎ ನಿಲ್ಲುವುದಿಲ್ಲ. ಆಗ ಬಾಟಲಿ ಮುಚ್ಚಿ, ಗಾಜು ಪೂರ್ತಿ ಇಳಿಸಿ, ಎಲ್ಲರೂ ಹೊರಗೆ. ಜನರೇಟರ್ ಬಂತು ಅಂತ ಓಡಿ ಬರಬೇಡಿ, ಹಲವು ಕಡೆ ಅದರ ಲೈನು ಲೈಟಿಗೆ ಮಾತ್ರ ಇರುತ್ತದೆ, ಹುಡ್‌ಗೆ ಇರುವುದಿಲ್ಲ. ಕೆಲಸಕ್ಕೆ ಸೇರಿದ ವಾರವೇ ಇದನ್ನು ಕೇಳಿ ತಿಳಿದುಕೊಳ್ಳಿ.

ಬೆರೆಸುವ ವಿಷಯಕ್ಕೆ ಬರುತ್ತೇನೆ. ಶಿರಸಿ, ಸಿದ್ದಾಪುರದವರ ಮನೆಯಲ್ಲಿ ಅಡಿಕೆಗೆ ಕೊಳೆ ಔಷಧಿ ಮಾಡುವುದನ್ನು ನೋಡಿರುತ್ತೀರಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಕದಡುತ್ತಾ ಹೊಯ್ಯಬೇಕು. ಆಮೇಲೆ ಕಬ್ಬಿಣದ ಕತ್ತಿ ಅದ್ದಿ, ಕೆಂಪಗೆ ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ. ಯಾವುದಕ್ಕೆ ಯಾವುದು, ಯಾವ ಪಾತ್ರೆ, ಕೊನೆಗೊಂದು ಪರೀಕ್ಷೆ. ಅಪ್ಪ, ಅಜ್ಜ ಓದಿ ಕಲಿತದ್ದಲ್ಲ, ಆದರೂ ತಪ್ಪಿಸುವುದಿಲ್ಲ. ಲ್ಯಾಬಿನ ವೇಸ್ಟ್ ಬಾಟಲಿಯ ಮುಂದೆ ನಿಂತಾಗ ಅಷ್ಟೇ ಶ್ರದ್ಧೆ ಇರಲಿ.

ಯಾಕೆ ಅಂದರೆ ಪೆಪ್ಟೈಡ್ ಲ್ಯಾಬಿನ ಅಪಾಯಗಳಲ್ಲಿ ಅರ್ಧ ಇರುವುದು ವೇಸ್ಟ್‌ನಲ್ಲಿ. ಕ್ಲೀವೇಜ್‌ಗೆ ಹಾಕುವ ಈಥೇನ್‌ಡೈಥಯೋಲ್ ಸಹಿಸಲಾಗದ ವಾಸನೆ, ಅದಕ್ಕೆ ಗಾಜಿನ ಸಾಮಾನನ್ನು ಬ್ಲೀಚ್‌ನಲ್ಲಿ ನೆನೆಸುತ್ತಾರೆ. ಸರಿಯೇ. ಆದರೆ ಅದರಲ್ಲಿ ಟಿಎಫ್‌ಎ ಉಳಿದಿದ್ದರೆ ಆಸಿಡ್ ಮತ್ತು ಬ್ಲೀಚ್ ಸೇರಿ ಕ್ಲೋರಿನ್ ಏಳುತ್ತದೆ. ಕ್ಲೋರಿನ್ ತಯಾರಾಗುವ ಕಾರ್ಖಾನೆ ಇರುವ ಬಿಣಗಾದ ಕಡೆಯವರಿಗೆ ಕ್ಲೋರಿನ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಮೊದಲು ಆಸಿಡ್ ತೊಳೆದು, ತಟಸ್ಥ ಮಾಡಿ, ಆಮೇಲೆ ಬ್ಲೀಚ್. ಸೋಡಿಯಂ ಅಜೈಡ್ ಬಳಸುವವರು ಅದನ್ನು ಡೈಕ್ಲೋರೋಮೀಥೇನ್ ವೇಸ್ಟ್‌ಗೆ ಸೇರಿಸಿದರೆ ಸಿಡಿಯುವ ಡೈಅಜೈಡೋಮೀಥೇನ್ ಹುಟ್ಟಬಹುದು, ಸಿಂಕಿಗೆ ಚೆಲ್ಲಿದರೆ ಪೈಪಿನ ತಾಮ್ರ, ಸೀಸದ ಜೊತೆ ಸೇರಿ ಅಲ್ಲೇ ಸ್ಫೋಟಕ ಕೂರುತ್ತದೆ. ಕಪ್ಲಿಂಗ್‌ಗೆ ಹಾಕುವ ಎಚ್‌ಒಬಿಟಿ ಎಂಬ ಪುಡಿಯನ್ನು ತೇವ ಇಟ್ಟೇ ಮಾರುತ್ತಾರೆ, ಯಾಕಂದ್ರೆ ಒಣಗಿದರೆ ಸಿಡಿಯುತ್ತದೆ. ಚೆನ್ನಾಗಿ ಒಣಗಿಸಿ ಬಳಸೋಣ ಅನ್ನೋ ಜಾಣತನ ಅಲ್ಲಿ ಬೇಡ. ಅದರ ಬದಲಿಗೆ ಬಂದ ಆಕ್ಸಿಮಾ ಸುರಕ್ಷಿತ ಅಂತ ಎಲ್ಲರೂ ನೆಮ್ಮದಿಯಾಗಿದ್ದರು. 2019ರಲ್ಲಿ ಬಂದ ಒಂದು ಅಧ್ಯಯನ, ಡಿಎಮ್‌ಎಫ್‌ನಲ್ಲಿ ಡಿಐಸಿ ಎಂಬ ಕಪ್ಲಿಂಗ್ ಕೆಮಿಕಲ್ ಜೊತೆ ಆಕ್ಸಿಮಾ ಸೇರಿದಾಗ ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ ಅಂತ ತೋರಿಸಿತು. ಹಾಗಾಗಿ ಆ ವೇಸ್ಟ್ ಬಾಟಲಿಯೂ ಹುಡ್ ಒಳಗೇ ಇರಬೇಕು. ಯಾವ ವೇಸ್ಟ್ ಬಾಟಲಿಯನ್ನೂ ಬಿಗಿಯಾಗಿ ಮುಚ್ಚಬೇಡಿ, ಗಾಳಿ ಹೋಗುವ ಮುಚ್ಚಳ ಹಾಕಿ. ಲೇಬಲ್ ಪೆನ್ಸಿಲ್‌ನಲ್ಲಿ ಬರೆಯಿರಿ, ಮಳೆಗಾಲದ ತೇವಕ್ಕೆ ಪೆನ್ನಿನ ಶಾಯಿ ಹರಡಿ ಹೆಸರೇ ಹೋಗಿಬಿಡುತ್ತದೆ.

ಇಷ್ಟೆಲ್ಲ ನೆನಪಿಡುವುದು ಹೇಗೆ? ನೆನಪಿಡಬೇಕಾಗಿಲ್ಲ. ಪ್ರತಿ ಕೆಮಿಕಲ್‌ಗೂ ಎಸ್‌ಡಿಎಸ್ (ಸುರಕ್ಷತಾ ಮಾಹಿತಿ ಪತ್ರ) ಅಂತ 16 ಭಾಗಗಳ ಒಂದು ದಾಖಲೆ ಇರುತ್ತದೆ. 4ನೇ ಭಾಗ ಪ್ರಥಮ ಚಿಕಿತ್ಸೆ, 8ನೇದು ಗ್ಲೌಸ್ ಮತ್ತು ರಕ್ಷಣೆ, 10ನೇದು ಯಾವುದರ ಜೊತೆ ಸೇರಬಾರದು. ಈ ಮೂರನ್ನು ಬಾಟಲಿ ತೆರೆಯುವ ಮೊದಲು ಓದಿ.

ಕೊನೆಗೆ ಒಬ್ಬಳು ಹುಡುಗಿ ಕೇಳಿದಳು: “ಮೇಡಂ, ಮದುವೆಯಾಗಿ ಮಗು ಬೇಕು ಅಂದುಕೊಂಡವರು ಈ ಕೆಲಸ ಮಾಡಬಹುದಾ?”

ಈ ಪ್ರಶ್ನೆಯನ್ನು ಎಲ್ಲರೆದುರು ಕೇಳಿದ್ದು ತುಂಬಾ ಒಳ್ಳೆಯದಾಯಿತು. ಮಾಡಬಹುದು, ಆದರೆ ಡಿಎಮ್‌ಎಫ್ ಬಗ್ಗೆ ಮೊದಲೇ ಮಾತಾಡಬೇಕು. ಮೊದಲ ವಾರಗಳಲ್ಲೇ ಮಗುವಿನ ಅಂಗಗಳು ರೂಪುಗೊಳ್ಳುತ್ತವೆ, ಆಗ ಎಷ್ಟೋ ಸಲ ಗರ್ಭಿಣಿ ಅಂತ ತನಗೇ ಗೊತ್ತಿರುವುದಿಲ್ಲ. ಹಾಗಾಗಿ ಮಗು ಬೇಕು ಅಂದುಕೊಂಡಾಗಲೇ ಮೇಲಿನವರಿಗೆ ಹೇಳಿ ಡಿಎಮ್‌ಎಫ್ ಇಲ್ಲದ ಕೆಲಸ ಕೇಳಿ. ಹೇಳಿಕೊಳ್ಳಲು ಸಂಕೋಚ ಆಗುವಂಥ ವಾತಾವರಣ ಇದ್ದರೆ ಅದು ಆ ಲ್ಯಾಬಿನ ದೋಷ, ನಿಮ್ಮದಲ್ಲ.

ಹಿಂದಿನ ಸಾಲಿನ ಹುಡುಗ ಕೇಳಿದ: “ಹುಡ್ ಕೆಟ್ಟಿದೆ, ಆದರೂ ಇವತ್ತೇ ಕ್ಲೀವೇಜ್ ಮುಗಿಸು ಅಂದರೆ ಏನು ಮಾಡೋದು? ಕೆಲಸ ಹೋದರೆ?”

ಬಾಟಲಿ ತೆರೆಯಬೇಡಿ. ರೆಸಿನ್ ಮೇಲಿರುವ ಪೆಪ್ಟೈಡ್ ಒಣಗಿಸಿ ಫ್ರಿಜ್‌ನಲ್ಲಿಟ್ಟರೆ ಸಾಮಾನ್ಯವಾಗಿ ಕಾಯುತ್ತದೆ, ಇವತ್ತೇ ಬಿಡಿಸಬೇಕು ಅಂತೇನಿಲ್ಲ. ಆಗಲ್ಲ ಅನ್ನುವ ಬದಲು ಹುಡ್ ರಿಪೇರಿಯಾದ ದಿನ ಮಾಡಿಕೊಡುತ್ತೇನೆ ಅನ್ನಿ. ಬಾಯಿ ಮಾತಲ್ಲಿ ಬಿಡಬೇಡಿ, ಮೇಲ್ ಹಾಕಿ. ಭೋಪಾಲದ ದುರಂತ ಆದಮೇಲೆ 1987ರಲ್ಲಿ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ತಂದರು. ಅಪಾಯದ ಕೆಮಿಕಲ್ ಬಗ್ಗೆ ಮಾಲೀಕರು ಕೆಲಸಗಾರರಿಗೆ ತಿಳಿಸಲೇಬೇಕು, ಪ್ರಾಣಕ್ಕೆ ಅಪಾಯ ಕಂಡಾಗ ಕೆಲಸಗಾರರು ಅದನ್ನು ಮಾಲೀಕರ ಗಮನಕ್ಕೆ ತರಬಹುದು, ಅವರು ತಕ್ಷಣ ಕ್ರಮ ತೆಗೆದುಕೊಳ್ಳಬೇಕು ಎಂಬುದು ಆಗ ಸೇರಿತು. ಅದು ಬರಬೇಕಾದರೆ ಎಷ್ಟು ಜನ ಸತ್ತರು ಅಂತ ನಿಮಗೆ ಗೊತ್ತು. ಮೇಲ್‌ನಲ್ಲಿ ಯಾವ ಹುಡ್, ಯಾವ ತಾರೀಖಿನಿಂದ ಕೆಟ್ಟಿದೆ, ಯಾವ ಕೆಮಿಕಲ್, ಎಷ್ಟು ಮಿಲಿ, ಟಿಶ್ಯೂ ಎಳೆ ಯಾವ ಕಡೆ ಬಾಗುತ್ತಿತ್ತು, ಇಷ್ಟನ್ನೂ ಬರೆಯಿರಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.